ಗೆದ್ದವರಿಲ್ಲದ ಋತು: 1918-19ರ ಐಸ್ ಹಾಕಿಯ ಕಥೆ



ಕ್ರೀಡೆಯ ದಾಖಲೆ ಪುಸ್ತಕವೊಂದು ಕೈಗೆ ಸಿಕ್ಕಿದರೆ ನಿಮ್ಮ ಕಣ್ಣು ಮೊದಲು ಹೋಗುವುದು ಎಲ್ಲಿಗೆ? ಯಾವ ವರ್ಷ ಯಾರು ಗೆದ್ದರು ಎಂಬ ಪಟ್ಟಿಯ ಕಡೆಗೆ ಅಲ್ಲವೆ? ಇಸವಿಯ ಎದುರಿಗೊಂದು ಹೆಸರು, ಮತ್ತೊಂದು ಇಸವಿ, ಅದರ ಎದುರಿಗೆ ಮತ್ತೊಂದು ಹೆಸರು. ಉತ್ತರ ಅಮೆರಿಕದ ಐಸ್ ಹಾಕಿ ಆಟದ ಅತ್ಯುನ್ನತ ಬಹುಮಾನವಾದ ಸ್ಟ್ಯಾನ್ಲಿ ಕಪ್ಪಿನ ಪಟ್ಟಿಯೂ ಹೀಗೆಯೇ ಸಾಗುತ್ತದೆ. ಆದರೆ 1919ನೆಯ ಇಸವಿಗೆ ಬಂದಾಗ ಪಟ್ಟಿ ತಟ್ಟನೆ ನಿಲ್ಲುತ್ತದೆ. ಅಲ್ಲಿ ಒಂದರ ಬದಲು ಎರಡು ತಂಡಗಳ ಹೆಸರುಗಳಿವೆ. ಅವುಗಳ ಕೆಳಗೆ ‘ಸರಣಿ ಪೂರ್ಣಗೊಳ್ಳಲಿಲ್ಲ’ ಎಂಬರ್ಥದ ಪುಟ್ಟ ಸಾಲೊಂದಿದೆ.

ಈ ಸಾಲು ಅಲ್ಲಿಗೆ ಹೇಗೆ ಬಂದಿತು? ಐದು ಪಂದ್ಯಗಳನ್ನು ಆಡಿ ಮುಗಿಸಿದ ಮೇಲೆ ಆರನೆಯ ಪಂದ್ಯವೇಕೆ ನಡೆಯಲಿಲ್ಲ? ಇದನ್ನು ತಿಳಿಯಲು ನಾವು ಮೊದಲನೆಯ ಮಹಾಯುದ್ಧವು ಮುಗಿಯುತ್ತಿದ್ದ ಕಾಲಕ್ಕೆ ಹೋಗಬೇಕು.

ಆಟವೂ ಬೆಳ್ಳಿಯ ಬಟ್ಟಲೂ

ನಮ್ಮ ದೇಶದಲ್ಲಿ ಹಾಕಿ ಎಂದರೆ ಮೈದಾನದ ಹಾಕಿ. ಐಸ್ ಹಾಕಿಯನ್ನು ಆಡುವುದು ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರಿನ ಮೇಲೆ. ಆಟಗಾರರ ಬೂಟುಗಳ ಕೆಳಗೆ ಉಕ್ಕಿನ ಅಲಗುಗಳಿರುತ್ತವೆ. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಗಟ್ಟಿ ಬಿಲ್ಲೆಯನ್ನು ಕೋಲಿನಿಂದ ಹೊಡೆದು ಎದುರಾಳಿಯ ಗೋಲಿಗೆ ಸೇರಿಸಬೇಕು. ಜಾರುವ ನೆಲದ ಮೇಲೆ ಅತಿ ವೇಗದಲ್ಲಿ ಸಾಗುವ ಈ ಆಟದಲ್ಲಿ ಮೈಗೆ ಮೈ ತಾಗುವುದು, ಕೆಳಗೆ ಬೀಳುವುದು, ಪೆಟ್ಟಾಗುವುದು ಸಾಮಾನ್ಯ. ಈಗ ಆಟಗಾರರು ಒಂದು ನಿಮಿಷದ ಆಸುಪಾಸಿಗೆ ಹೊರಬಂದು ಬೇರೆಯವರಿಗೆ ಜಾಗ ಬಿಡುತ್ತಾರೆ. ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ತಂಡವೊಂದರಲ್ಲಿ ಒಟ್ಟು ಒಂಬತ್ತು ಹತ್ತು ಮಂದಿ ಇದ್ದರೆ ಹೆಚ್ಚು. ಮುಖ್ಯ ಆಟಗಾರರು ಪಂದ್ಯದ 60 ನಿಮಿಷಗಳಲ್ಲಿ ಬಹುಪಾಲನ್ನು ಮಂಜಿನ ಮೇಲೆಯೇ ಕಳೆಯುತ್ತಿದ್ದರು. ಮುಂದಿನ ಕಥೆಗೆ ಈ ಸಂಗತಿ ಮುಖ್ಯವಾದುದರಿಂದ ನೆನಪಿನಲ್ಲಿಡಿ.

ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿಯವರು 1892ರಲ್ಲಿ ಈ ಆಟಕ್ಕೊಂದು ಬೆಳ್ಳಿಯ ಬಟ್ಟಲನ್ನು ಕೊಡುಗೆಯಾಗಿ ಕೊಟ್ಟರು. 1893ರಲ್ಲಿ ಅದನ್ನು ಮೊದಲ ಬಾರಿಗೆ ಪ್ರದಾನ ಮಾಡಲಾಯಿತು. ಮೊದಲು ಹವ್ಯಾಸಿ ತಂಡಗಳಿಗೆ ಮೀಸಲಾಗಿದ್ದ ಈ ಬಟ್ಟಲು ಕ್ರಮೇಣ ಸಂಬಳ ಪಡೆದು ಆಡುವ ವೃತ್ತಿಪರ ತಂಡಗಳ ಪಾಲಾಯಿತು. 1910ರ ದಶಕದ ನಡುವಿನ ಹೊತ್ತಿಗೆ ಪೂರ್ವದ ಲೀಗಿನಲ್ಲಿ ಗೆದ್ದ ತಂಡವೂ ಪೆಸಿಫಿಕ್ ಕರಾವಳಿಯ ಲೀಗಿನಲ್ಲಿ ಗೆದ್ದ ತಂಡವೂ ವರ್ಷದ ಕೊನೆಯಲ್ಲಿ ಎದುರಾಗಿ ಬಟ್ಟಲಿಗಾಗಿ ಸೆಣಸುವ ಪದ್ಧತಿ ಬಂದಿತು. ಸರಣಿ ಒಂದು ವರ್ಷ ಪೂರ್ವದಲ್ಲಿ ನಡೆದರೆ ಮರುವರ್ಷ ಪಶ್ಚಿಮದಲ್ಲಿ ನಡೆಯುತ್ತಿತ್ತು.

ಮೂರು ತಂಡಗಳ ಲೀಗ್

ಇಂದು ಜಗತ್ಪ್ರಸಿದ್ಧವಾಗಿರುವ ನ್ಯಾಷನಲ್ ಹಾಕಿ ಲೀಗ್ ಹುಟ್ಟಿದ್ದು 1917ರ ನವೆಂಬರಿನಲ್ಲಿ, ಮಾಂಟ್ರಿಯಲ್ ನಗರದ ಹೋಟೆಲೊಂದರಲ್ಲಿ ಸೇರಿದ ಸಭೆಯಲ್ಲಿ. ಅದರ ಬಾಲ್ಯ ಸುಖದ್ದಾಗಿರಲಿಲ್ಲ. ಯುದ್ಧ ನಡೆಯುತ್ತಿದ್ದ ಕಾಲವದು. ಅನೇಕ ಆಟಗಾರರು ಸೈನ್ಯಕ್ಕೆ ಸೇರಿದ್ದರು. 1918ರ ಜನವರಿಯಲ್ಲಿ ಮಾಂಟ್ರಿಯಲ್‌ನ ಕ್ರೀಡಾಂಗಣವೊಂದು ಬೆಂಕಿಗೆ ಆಹುತಿಯಾಯಿತು. ಅಲ್ಲಿ ಆಡುತ್ತಿದ್ದ ವಾಂಡರರ್ಸ್ ತಂಡವು ಲೀಗನ್ನೇ ಬಿಟ್ಟಿತು. ಹೀಗಾಗಿ 1918ರ ಡಿಸೆಂಬರಿನಲ್ಲಿ ಎರಡನೆಯ ಋತು ಆರಂಭವಾದಾಗ ಉಳಿದಿದ್ದುದು ಮೂರೇ ತಂಡಗಳು: ಮಾಂಟ್ರಿಯಲ್ ಕೆನೇಡಿಯನ್ಸ್, ಒಟ್ಟಾವಾ ಸೆನೆಟರ್ಸ್ ಮತ್ತು ಟೊರಾಂಟೊ ಅರೀನಾಸ್.

ಹಿಂದಿನ ವರ್ಷ ಸ್ಟ್ಯಾನ್ಲಿ ಕಪ್ ಗೆದ್ದಿದ್ದುದು ಟೊರಾಂಟೊ. ಅದೇ ತಂಡ ಈ ಬಾರಿ 18 ಪಂದ್ಯಗಳಲ್ಲಿ ಗೆದ್ದದ್ದು ಐದನ್ನು ಮಾತ್ರ. 1919ರ ಫೆಬ್ರವರಿಯಲ್ಲಿ ಅದು ಋತುವಿನ ನಡುವೆಯೇ ಹಿಂದೆ ಸರಿಯಿತು. ಮೂರು ತಂಡಗಳ ಪೈಕಿ ಒಂದು ಹೋದ ಮೇಲೆ ಲೀಗ್ ನಡೆಸುವುದಾದರೂ ಹೇಗೆ? ಉಳಿದ ಪಂದ್ಯಗಳನ್ನು ಕೈಬಿಟ್ಟು, ಋತುವಿನ ಮೊದಲರ್ಧದಲ್ಲಿ ಮುಂದಿದ್ದ ಮಾಂಟ್ರಿಯಲ್‌ಗೂ ಎರಡನೆಯ ಅರ್ಧದಲ್ಲಿ ಮುಂದಿದ್ದ ಒಟ್ಟಾವಾಕ್ಕೂ ಏಳು ಪಂದ್ಯಗಳ ಸರಣಿಯನ್ನು ಏರ್ಪಡಿಸಲಾಯಿತು. ಮಾಂಟ್ರಿಯಲ್ ನಾಲ್ಕು ಪಂದ್ಯಗಳನ್ನು ಗೆದ್ದಿತು, ಒಟ್ಟಾವಾ ಒಂದನ್ನು.

ಪಶ್ಚಿಮದ ಪೆಸಿಫಿಕ್ ಕೋಸ್ಟ್ ಲೀಗಿನಲ್ಲಿಯೂ ಇದ್ದುದು ಮೂರೇ ತಂಡಗಳು. ಅಲ್ಲಿ ವ್ಯಾಂಕೂವರನ್ನು ಸೋಲಿಸಿ ಅಮೆರಿಕದ ಸಿಯಾಟಲ್ ಮೆಟ್ರೊಪಾಲಿಟನ್ಸ್ ಮುಂದೆ ಬಂದಿತು. ಎರಡು ವರ್ಷಗಳ ಹಿಂದೆ, 1917ರಲ್ಲಿ, ಇದೇ ಮಾಂಟ್ರಿಯಲ್ ತಂಡವನ್ನು ಮಣಿಸಿ ಸ್ಟ್ಯಾನ್ಲಿ ಕಪ್ ಗೆದ್ದ ಮೊದಲ ಅಮೆರಿಕನ್ ತಂಡವೆಂಬ ಕೀರ್ತಿಯನ್ನು ಸಿಯಾಟಲ್ ಪಡೆದಿದ್ದಿತು. ಮಾಂಟ್ರಿಯಲ್ ಆಟಗಾರರು ಆ ಸೋಲನ್ನು ಮರೆತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವರು ರೈಲು ಹತ್ತಿ, ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಿನಗಟ್ಟಲೆ ಪ್ರಯಾಣ ಮಾಡಿ ಸಿಯಾಟಲ್ ತಲುಪಿದರು.

ಜ್ವರದ ನೆರಳು

ಈ ಹೊತ್ತಿಗೆ ಜಗತ್ತನ್ನು ಯುದ್ಧಕ್ಕಿಂತ ಭೀಕರವಾದ ಇನ್ನೊಂದು ವಿಪತ್ತು ಆವರಿಸಿದ್ದಿತು. ಅದೇ 1918ರ ಇನ್‌ಫ್ಲುಯೆಂಜಾ. ಯುದ್ಧದಲ್ಲಿ ತೊಡಗಿದ್ದ ದೇಶಗಳು ರೋಗದ ಸುದ್ದಿಯನ್ನು ಅದುಮಿಟ್ಟಿದ್ದವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಅದನ್ನು ಬಹಿರಂಗವಾಗಿ ಬರೆದವು. ಆ ಕಾರಣಕ್ಕಾಗಿಯೇ ಇದಕ್ಕೆ ‘ಸ್ಪ್ಯಾನಿಷ್ ಫ್ಲೂ’ ಎಂಬ ಹೆಸರು ಅಂಟಿಕೊಂಡಿತು. ಜಗತ್ತಿನಾದ್ಯಂತ ಸತ್ತವರು ಸುಮಾರು ಐದು ಕೋಟಿ ಎಂಬ ಅಂದಾಜಿದೆ. ಕೆನಡಾ ಒಂದರಲ್ಲಿಯೇ ಸುಮಾರು 50,000 ಮಂದಿ ಮಡಿದರು.

ಈ ರೋಗ ನಮಗೂ ದೂರದ ಸುದ್ದಿಯಾಗಿರಲಿಲ್ಲ. 1918ರ ಬೇಸಗೆಯ ಕೊನೆಗೆ ಮುಂಬಯಿ ಬಂದರಿನ ಮೂಲಕ ಒಳಬಂದ ಜ್ವರ ರೈಲುಮಾರ್ಗಗಳ ಗುಂಟ ಭಾರತವನ್ನೆಲ್ಲ ವ್ಯಾಪಿಸಿತು. ನಮ್ಮ ದೇಶದಲ್ಲಿ ಸತ್ತವರು 1.2 ಕೋಟಿಯಿಂದ 1.8 ಕೋಟಿಯವರೆಗೆ ಇರಬಹುದೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಹೆಚ್ಚುವ ಬದಲು ಕಡಿಮೆಯಾಯಿತು. ಇಂದಿನ ಕರ್ನಾಟಕದ ಪ್ರದೇಶದಲ್ಲಿಯೂ ಆ ಹತ್ತು ವರ್ಷಗಳಲ್ಲಿ ಸುಮಾರು 1.35 ಕೋಟಿಯಿದ್ದ ಜನಸಂಖ್ಯೆ ಸುಮಾರು 1.34 ಕೋಟಿಗೆ ಇಳಿಯಿತು. ಜನಗಣತಿಯ ಕೋಷ್ಟಕದಲ್ಲಿ ಈ ಇಳಿತವನ್ನು ನೀವು ಈಗಲೂ ನೋಡಬಹುದು.

ಈ ಜ್ವರದ ಒಂದು ವೈಚಿತ್ರ್ಯವನ್ನು ನೀವು ಗಮನಿಸಬೇಕು. ಸಾಮಾನ್ಯವಾಗಿ ಶೀತಜ್ವರವು ಮುದುಕರನ್ನೂ ಎಳೆಯ ಮಕ್ಕಳನ್ನೂ ಬಲಿ ತೆಗೆದುಕೊಳ್ಳುತ್ತದೆ. ಇದಾದರೋ 20ರಿಂದ 40 ವರ್ಷ ವಯಸ್ಸಿನ ಗಟ್ಟಿಮುಟ್ಟಾದವರನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಕೊಂದಿತು. ಜ್ವರದ ಹಿಂದೆಯೇ ನ್ಯುಮೋನಿಯಾ ಬರುತ್ತಿತ್ತು. ಆಗಿನ್ನೂ ಪೆನಿಸಿಲಿನ್ ಇರಲಿಲ್ಲ. ಮನುಷ್ಯರಲ್ಲಿ ಇನ್‌ಫ್ಲುಯೆಂಜಾ ತರುವ ವೈರಸ್ಸನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1933ರಲ್ಲಿ. ಎಂದರೆ, ರೋಗವನ್ನು ತರುವ ಶತ್ರು ಯಾರೆಂಬುದೇ ವೈದ್ಯರಿಗೆ ಆಗ ಗೊತ್ತಿರಲಿಲ್ಲ.

ಐಸ್ ಹಾಕಿಯ ಆಟಗಾರರೂ ಇದೇ ವಯಸ್ಸಿನ ಗುಂಪಿಗೆ ಸೇರಿದವರು. ಋತು ಆರಂಭವಾಗುವ ಮೊದಲೇ, 1918ರ ಅಕ್ಟೋಬರಿನಲ್ಲಿ, ಒಟ್ಟಾವಾ ತಂಡದ ಹ್ಯಾಂಬಿ ಶೋರ್ ಎಂಬ ಆಟಗಾರ ಈ ರೋಗಕ್ಕೆ ಬಲಿಯಾಗಿದ್ದರು. ಸಿಯಾಟಲ್ ನಗರದಲ್ಲಿ ಅದೇ ತಿಂಗಳು ಶಾಲೆ, ಚರ್ಚು, ನಾಟಕಮಂದಿರಗಳನ್ನು ಮುಚ್ಚಿಸಲಾಗಿತ್ತು. ಜನ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಬೇಕಾಗಿತ್ತು. ನವೆಂಬರ್ 11ರಂದು ಯುದ್ಧ ನಿಂತಿತು. ಆ ಸಂಭ್ರಮದ ಹೊತ್ತಿನಲ್ಲಿಯೇ ನಿರ್ಬಂಧಗಳೂ ಸಡಿಲವಾದವು. ಗಂಡಾಂತರ ಕಳೆಯಿತೆಂದೇ ಬಹುಮಂದಿ ನಂಬಿದರು. ಆದರೆ 1919ರ ಆರಂಭದಲ್ಲಿ ರೋಗದ ಮೂರನೆಯ ಅಲೆ ಸದ್ದಿಲ್ಲದೆ ಏಳುತ್ತಿತ್ತು.

ಸಿಯಾಟಲ್‌ನ ಐದು ಪಂದ್ಯಗಳು

ಸರಣಿ 1919ರ ಮಾರ್ಚ್ 19ರಂದು ಆರಂಭವಾಯಿತು. ಪೂರ್ವ ಪಶ್ಚಿಮಗಳ ನಿಯಮಗಳು ಆಗ ಒಂದೇ ಆಗಿರಲಿಲ್ಲ. ಪೂರ್ವದಲ್ಲಿ ತಂಡಕ್ಕೆ ಆರು ಮಂದಿ ಆಡುತ್ತಿದ್ದರು, ಪಶ್ಚಿಮದಲ್ಲಿ ಏಳು ಮಂದಿ. ಯಾರಿಗೂ ಅನ್ಯಾಯವಾಗದಿರಲೆಂದು ಮೊದಲ ಪಂದ್ಯವನ್ನು ಪಶ್ಚಿಮದ ನಿಯಮದಂತೆ, ಎರಡನೆಯದನ್ನು ಪೂರ್ವದ ನಿಯಮದಂತೆ, ಹೀಗೆ ಸರದಿಯ ಪ್ರಕಾರ ಆಡಿಸಲಾಯಿತು.

ಫಲಿತಾಂಶಗಳನ್ನು ನೋಡಿ. ಪಶ್ಚಿಮದ ನಿಯಮದಂತೆ ನಡೆದ ಮೊದಲ ಪಂದ್ಯವನ್ನು ಸಿಯಾಟಲ್ 7-0 ಗೋಲುಗಳಿಂದ ಗೆದ್ದಿತು. ಪೂರ್ವದ ನಿಯಮದ ಎರಡನೆಯ ಪಂದ್ಯದಲ್ಲಿ ಮಾಂಟ್ರಿಯಲ್ 4-2ರಿಂದ ಗೆದ್ದಿತು. ಆ ನಾಲ್ಕೂ ಗೋಲುಗಳನ್ನು ಹೊಡೆದವರು ತಂಡದ ನಾಯಕ ನ್ಯೂಸಿ ಲಲಾಂಡ್. ಮತ್ತೆ ಪಶ್ಚಿಮದ ನಿಯಮ ಬಂದಾಗ ಸಿಯಾಟಲ್ 7-2ರಿಂದ ಗೆದ್ದಿತು. ಈ ಬಾರಿ ನಾಲ್ಕು ಗೋಲು ಹೊಡೆಯುವ ಸರದಿ ಸಿಯಾಟಲ್‌ನ ಫ್ರ್ಯಾಂಕ್ ಫಾಯ್‌ಸ್ಟನ್ ಅವರದು.

ಮಾರ್ಚ್ 26ರಂದು ನಾಲ್ಕನೆಯ ಪಂದ್ಯ. 60 ನಿಮಿಷಗಳ ಆಟ ಮುಗಿದರೂ ಒಂದೂ ಗೋಲು ಬರಲಿಲ್ಲ. ಇನ್ನೂ 20 ನಿಮಿಷ ಆಡಿಸಿದರು. ಆಗಲೂ ಗೋಲಿಲ್ಲ. ಮಾಂಟ್ರಿಯಲ್‌ನ ಗೋಲ್‌ಕೀಪರ್ ಜಾರ್ಜ್ ವೆಜಿನಾ ಒಂದು ಕಡೆ, ಸಿಯಾಟಲ್‌ನ ಹ್ಯಾಪ್ ಹೋಮ್ಸ್ ಇನ್ನೊಂದು ಕಡೆ ಗೋಡೆಗಳಂತೆ ನಿಂತಿದ್ದರು. ಕೊನೆಗೆ 0-0 ಎಂದು ಪಂದ್ಯವನ್ನು ನಿಲ್ಲಿಸಿದಾಗ ಆಟಗಾರರಲ್ಲಿ ನಿಲ್ಲುವ ಶಕ್ತಿಯೂ ಉಳಿದಿರಲಿಲ್ಲ.

ಕೆಲವೇ ದಿನಗಳ ಬಿಡುವಿನ ನಂತರ ಐದನೆಯ ಪಂದ್ಯ. ಸಿಯಾಟಲ್ 3-0ರಿಂದ ಮುಂದಿದ್ದಿತು. ಇನ್ನೇನು ಬಟ್ಟಲು ಅವರದೇ ಎನ್ನುವಾಗ ಮಾಂಟ್ರಿಯಲ್ ಒಂದೊಂದೇ ಗೋಲು ಹೊಡೆದು ಸರಿಗಟ್ಟಿತು. ಹೆಚ್ಚುವರಿ ಸಮಯದಲ್ಲಿ ಜ್ಯಾಕ್ ಮ್ಯಾಕ್‌ಡೊನಾಲ್ಡ್ ಗೋಲು ಹೊಡೆದು 4-3ರ ಗೆಲುವನ್ನು ತಂದುಕೊಟ್ಟರು. ಆದರೆ ಆ ದಿನ ಮಾಂಟ್ರಿಯಲ್‌ನ ರಕ್ಷಣಾ ಆಟಗಾರ ಜೋ ಹಾಲ್ ಆಟವನ್ನು ಪೂರ್ತಿಗೊಳಿಸಲಾಗದೆ ನಡುವೆಯೇ ಹೊರಗೆ ಹೋಗಿದ್ದರು. ಅದನ್ನು ಅತಿಶ್ರಮದ ಫಲವೆಂದು ನೋಡಿದವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಏಪ್ರಿಲ್ 1

ಎರಡು ತಂಡಗಳೂ ಎರಡೆರಡು ಪಂದ್ಯಗಳನ್ನು ಗೆದ್ದಿದ್ದವು. ನಿರ್ಣಾಯಕ ಪಂದ್ಯ ಏಪ್ರಿಲ್ 1ರಂದು ನಡೆಯಬೇಕಾಗಿತ್ತು. ಅಷ್ಟರಲ್ಲಿ ಮಾಂಟ್ರಿಯಲ್ ಆಟಗಾರರು ಒಬ್ಬರ ಹಿಂದೊಬ್ಬರಂತೆ ಹಾಸಿಗೆ ಹಿಡಿದರು. ಜೋ ಹಾಲ್, ನಾಯಕ ಲಲಾಂಡ್, ಗೆಲುವಿನ ಗೋಲು ಹೊಡೆದ ಮ್ಯಾಕ್‌ಡೊನಾಲ್ಡ್ ಸೇರಿ ಐವರಿಗೆ ಜ್ವರ. ತಂಡದ ವ್ಯವಸ್ಥಾಪಕ ಜಾರ್ಜ್ ಕೆನಡಿಯವರಿಗೂ ಜ್ವರ. ಒಂಬತ್ತು ಹತ್ತು ಮಂದಿಯ ತಂಡದಲ್ಲಿ ಐವರು ಮಲಗಿದರೆ ಉಳಿಯುವವರೆಷ್ಟು ಎಂಬ ಲೆಕ್ಕವನ್ನು ನೀವೇ ಮಾಡಿ.

ವಿಕ್ಟೋರಿಯಾ ತಂಡದಿಂದ ಕೆಲವು ಆಟಗಾರರನ್ನು ಎರವಲು ಪಡೆದಾದರೂ ಆಡುತ್ತೇವೆಂದು ಕೆನಡಿ ಕೇಳಿದರು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಹಾಗಾದರೆ ನಾವು ಸೋತೆವೆಂದು ಬರೆದುಕೊಳ್ಳಿ, ಬಟ್ಟಲು ನಿಮ್ಮದೇ ಎಂದು ಅವರು ಸಿಯಾಟಲ್‌ಗೆ ತಿಳಿಸಿದರು. ಈಗ ನಿರ್ಧಾರ ಸಿಯಾಟಲ್ ತಂಡದ ವ್ಯವಸ್ಥಾಪಕ ಪೀಟ್ ಮಲ್ಡೂನ್ ಅವರ ಕೈಗೆ ಬಂದಿತು. ಅವರು ಬೇಕೆಂದಿದ್ದರೆ ಆ ಕ್ಷಣವೇ ಬಟ್ಟಲನ್ನು ತೆಗೆದುಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ರೋಗದಿಂದ ಮಲಗಿದ ಎದುರಾಳಿಯ ಮೇಲೆ ಬರುವ ಗೆಲುವು ಬೇಡವೆಂದು ನಿರಾಕರಿಸಿದರು. ಪಂದ್ಯ ಆರಂಭವಾಗಲು ಕೆಲವೇ ಗಂಟೆಗಳಿರುವಾಗ ಸರಣಿಯನ್ನು ರದ್ದು ಮಾಡಲಾಯಿತು.

ನಾಲ್ಕು ದಿನಗಳ ನಂತರ, 1919ರ ಏಪ್ರಿಲ್ 5ರಂದು, ಜೋ ಹಾಲ್ ಸಿಯಾಟಲ್‌ನ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 37 ವರ್ಷ. ಇಂಗ್ಲೆಂಡಿನಲ್ಲಿ ಹುಟ್ಟಿ, ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ ಬೆಳೆದವರು ಅವರು. 1912 ಮತ್ತು 1913ರಲ್ಲಿ ಕ್ವಿಬೆಕ್ ತಂಡದ ಪರವಾಗಿ ಎರಡು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದಿದ್ದರು. ಅವರದು ಬಹಳ ಒರಟಾದ ಆಟ. ಜನ ಅವರನ್ನು ‘ಕೆಟ್ಟ ಜೋ’ ಎಂದೇ ಕರೆಯುತ್ತಿದ್ದರು. ಆ ಋತುವಿನಲ್ಲಿ ತಪ್ಪಾಟಕ್ಕಾಗಿ ಲೀಗಿನಲ್ಲಿಯೇ ಅತಿ ಹೆಚ್ಚು ಹೊತ್ತು ಶಿಕ್ಷೆ ಅನುಭವಿಸಿದವರೂ ಅವರೇ. ಎಷ್ಟೋ ಪೆಟ್ಟುಗಳನ್ನು ಕೊಟ್ಟು, ಎಷ್ಟೋ ಪೆಟ್ಟುಗಳನ್ನು ತಿಂದು ಗಟ್ಟಿಯಾಗಿದ್ದ ಆ ದೇಹ ಕಣ್ಣಿಗೆ ಕಾಣದ ರೋಗಾಣುವಿನ ಎದುರು ಒಂದು ವಾರ ನಿಲ್ಲಲಿಲ್ಲ. ವ್ಯಾಂಕೂವರಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಉಳಿದ ಆಟಗಾರರು ಗುಣಮುಖರಾದರು. ಆದರೆ ಕೆನಡಿಯವರ ಆರೋಗ್ಯ ಮತ್ತೆ ಮೊದಲಿನಂತಾಗಲಿಲ್ಲ. 1921ರ ಅಕ್ಟೋಬರಿನಲ್ಲಿ ಅವರೂ ತೀರಿಕೊಂಡರು. ಮಾಂಟ್ರಿಯಲ್ ತಂಡವನ್ನು 11,000 ಡಾಲರುಗಳಿಗೆ ಬೇರೆಯವರು ಕೊಂಡರು.

ಹಾಗಾದರೆ ಗೆದ್ದವರು ಯಾರು?

ಈಗ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಬಟ್ಟಲು ಯಾರಿಗೆ ಸೇರಬೇಕಾಗಿತ್ತು?

ಗೋಲುಗಳನ್ನು ಕೂಡಿಸಿ ನೋಡೋಣ. ಐದು ಪಂದ್ಯಗಳಲ್ಲಿ ಸಿಯಾಟಲ್ 19 ಗೋಲು ಹೊಡೆದಿತ್ತು. ಮಾಂಟ್ರಿಯಲ್ ಹೊಡೆದದ್ದು ಹತ್ತೇ. ಈ ಲೆಕ್ಕದಲ್ಲಿ ಸಿಯಾಟಲ್ ಬಹಳ ಮುಂದಿದೆ. ಮೇಲಾಗಿ ಎದುರಾಳಿಯೇ ಸೋಲೊಪ್ಪಿಕೊಂಡಿದ್ದಿತು. ಇನ್ನೊಂದು ಕಡೆಯಿಂದ ನೋಡಿದರೆ, ಮೂರು ಗೋಲು ಹಿಂದಿದ್ದು ಕೊನೆಯ ಪಂದ್ಯವನ್ನು ಗೆದ್ದ ಮಾಂಟ್ರಿಯಲ್‌ನ ಉತ್ಸಾಹ ಏರುಮುಖವಾಗಿತ್ತೆಂದೂ ಹೇಳಬಹುದು. ಆದರೆ ನಿಯಮದ ಪ್ರಕಾರ ಎಣಿಸಬೇಕಾದುದು ಗೆದ್ದ ಪಂದ್ಯಗಳನ್ನು ಮಾತ್ರ. ಅದರಂತೆ ಇಬ್ಬರೂ ಸಮ. ಹೆಚ್ಚು ಗೋಲು ಹೊಡೆದವರನ್ನೋ ಕೊನೆಯ ಪಂದ್ಯ ಗೆದ್ದವರನ್ನೋ ವಿಜಯಿಗಳೆಂದು ಆಮೇಲೆ ಸಾರುವುದು ಆಟ ಮುಗಿದ ನಂತರ ನಿಯಮವನ್ನು ಬದಲಿಸಿದಂತೆ.

ಈ ಋತುವನ್ನು ನಡೆಸಿದ್ದೇ ತಪ್ಪಲ್ಲವೆ ಎಂದೂ ನೀವು ಕೇಳಬಹುದು. ಒಬ್ಬ ಆಟಗಾರ ಸತ್ತದ್ದನ್ನು ಕಂಡಿದ್ದರು, ನಗರಗಳು ಮುಚ್ಚಿದ್ದನ್ನು ಕಂಡಿದ್ದರು. ಆದರೂ ಸಾವಿರಾರು ಜನರನ್ನು ಮುಚ್ಚಿದ ಕಟ್ಟಡದೊಳಗೆ ಏಕೆ ಸೇರಿಸಿದರು? ಇದು ನ್ಯಾಯವಾದ ಪ್ರಶ್ನೆ. ಉತ್ತರಿಸುವ ಮುನ್ನ ಅಂದಿನವರಿಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಬೇರ್ಪಡಿಸಿಕೊಳ್ಳಬೇಕು. ಮೂರನೆಯ ಅಲೆ ಬರುವುದೆಂದು ಅವರಿಗೆ ತಿಳಿದಿರಲಿಲ್ಲ. ದೂರದರ್ಶನದ ಹಣ ಹರಿದುಬರುವ ಕಾಲವೂ ಅದಲ್ಲ. ಬಾಗಿಲಲ್ಲಿ ಮಾರಿದ ಟಿಕೆಟ್ಟಿನ ಹಣದಿಂದಲೇ ಆಟಗಾರರ ಸಂಬಳ ಹುಟ್ಟಬೇಕಾಗಿತ್ತು. ಇಷ್ಟನ್ನೂ ತೂಗಿ ನೋಡಿದ ಮೇಲೆಯೂ ಅವರು ತಪ್ಪಿದರೆಂದು ನಿಮಗೆ ತೋರಬಹುದು. ಆಗ ಆ ತೀರ್ಪಿಗೆ ಆಧಾರವಿರುತ್ತದೆ. ತೂಗದೆ ಕೊಟ್ಟ ತೀರ್ಪು ಕೇವಲ ನಂತರ ಬಂದವರ ಜಾಣತನ.

ಖಾಲಿ ಜಾಗದ ಪಾಠ

1948ರಲ್ಲಿ ಸ್ಟ್ಯಾನ್ಲಿ ಕಪ್ಪಿನ ಆಕಾರವನ್ನು ಬದಲಿಸಿ ಹಳೆಯ ವಿಜಯಿಗಳ ಹೆಸರುಗಳನ್ನು ಮತ್ತೆ ಕೆತ್ತಿಸುವಾಗ 1919ನೆಯ ಇಸವಿಗೆ ಏನು ಬರೆಯಬೇಕೆಂಬ ಪ್ರಶ್ನೆ ಬಂದೇ ಬಂದಿತು. ಆ ಇಸವಿಯನ್ನೇ ಬಿಟ್ಟುಬಿಡಬಹುದಾಗಿತ್ತು. ಯಾರಾದರೊಬ್ಬರ ಹೆಸರನ್ನು ತುಂಬಬಹುದಾಗಿತ್ತು. ಎರಡನ್ನೂ ಮಾಡದೆ ಎರಡು ತಂಡಗಳ ಹೆಸರನ್ನೂ ಕೆತ್ತಿ, ಸರಣಿ ಪೂರ್ಣಗೊಳ್ಳಲಿಲ್ಲವೆಂದು ನಮೂದಿಸಿದರು. ಅಷ್ಟು ಹೊತ್ತಿಗೆ ಸಿಯಾಟಲ್ ಮೆಟ್ರೊಪಾಲಿಟನ್ಸ್ ತಂಡವೇ ಇರಲಿಲ್ಲ. 1924ರಲ್ಲಿಯೇ ಅದು ಮುಚ್ಚಿಹೋಗಿತ್ತು. ಕೇಳುವವರಿಲ್ಲದ ತಂಡದ ಹೆಸರೂ ಬಟ್ಟಲಿನ ಮೇಲೆ ಉಳಿಯಿತು. ಜೋ ಹಾಲ್ ಅವರನ್ನು 1961ರಲ್ಲಿ ಐಸ್ ಹಾಕಿಯ ಗೌರವಸದನಕ್ಕೆ ಸೇರಿಸಿಕೊಳ್ಳಲಾಯಿತು.

ಆ ಬಟ್ಟಲು ಯಾರಿಗೂ ಸಲ್ಲದ ವರ್ಷ ಮತ್ತೆ ಬಂದದ್ದು 2005ರಲ್ಲಿ. ಅಂದಿನ ಕಾರಣ ರೋಗವಾಗಿರಲಿಲ್ಲ. ಮಾಲೀಕರಿಗೂ ಆಟಗಾರರಿಗೂ ಸಂಬಳದ ವಿಷಯದಲ್ಲಿ ಬಂದ ವಿವಾದದಿಂದ ಇಡೀ ಋತುವೇ ನಡೆಯಲಿಲ್ಲ. ಇನ್ನು 2020ರಲ್ಲಿ ಕೋವಿಡ್ ಬಂದಾಗ ಲೀಗ್ ಮಾರ್ಚ್ 12ರಂದು ಆಟವನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಆಟಗಾರರನ್ನು ಟೊರಾಂಟೊ ಮತ್ತು ಎಡ್ಮಂಟನ್ ನಗರಗಳಲ್ಲಿ ಹೊರಗಿನವರಿಂದ ಪ್ರತ್ಯೇಕವಾಗಿರಿಸಿ, ಪ್ರೇಕ್ಷಕರಿಲ್ಲದ ಕ್ರೀಡಾಂಗಣಗಳಲ್ಲಿ ಆಟವನ್ನು ಮುಂದುವರಿಸಲಾಯಿತು. ಸೆಪ್ಟೆಂಬರ್ 28ರಂದು ಟ್ಯಾಂಪಾ ಬೇ ತಂಡ ಬಟ್ಟಲು ಗೆದ್ದಿತು. ನೂರು ವರ್ಷಗಳಲ್ಲಿ ವಿಜ್ಞಾನ ಎಷ್ಟು ಮುಂದುವರಿದಿದೆ, ಲೀಗಿನ ಹಣಬಲ ಎಷ್ಟು ಬೆಳೆದಿದೆ ಎಂಬುದನ್ನು ಈ ಎರಡು ಋತುಗಳ ಅಂತರವೇ ಹೇಳುತ್ತದೆ.

ವಿದ್ಯಾರ್ಥಿಗಳೇ, ಇತಿಹಾಸವನ್ನು ಬರೆಯುವವನಿಗೆ ಖಾಲಿ ಜಾಗವನ್ನು ಕಂಡರೆ ಏನಾದರೊಂದನ್ನು ತುಂಬಿಬಿಡುವ ಆಸೆಯಾಗುತ್ತದೆ. ಅಪೂರ್ಣವಾದುದನ್ನು ಅಪೂರ್ಣವೆಂದೇ ಬರೆಯಲು ಪ್ರಾಮಾಣಿಕತೆ ಬೇಕು. 1919ರ ಆ ಪುಟ್ಟ ಸಾಲಿನಲ್ಲಿ ಅಂಥ ಪ್ರಾಮಾಣಿಕತೆ ಇದೆ. ಆ ಸಾಲಿನ ಹಿಂದೆ ಸುಲಭದ ಗೆಲುವನ್ನು ಬೇಡವೆಂದ ಒಬ್ಬ ಮನುಷ್ಯನಿದ್ದಾನೆ; ಆಟಕ್ಕೆಂದು ರೈಲು ಹತ್ತಿ ಮನೆಗೆ ಮರಳದ ಇನ್ನೊಬ್ಬ ಮನುಷ್ಯನಿದ್ದಾನೆ.

ಇನ್ನು ಮುಂದೆ ಯಾವುದೇ ಪಟ್ಟಿಯನ್ನು ಓದುವಾಗ, ಅದು ಕ್ರೀಡೆಯದಿರಲಿ, ರಾಜವಂಶದ್ದಿರಲಿ, ಜನಗಣತಿಯದಿರಲಿ, ಎಲ್ಲಿಯಾದರೂ ಸಾಲು ತಪ್ಪಿದೆಯೆ, ಅಂಕಿ ಕುಸಿದಿದೆಯೆ, ಜಾಗ ಖಾಲಿಯಿದೆಯೆ ಎಂದು ನೋಡಿ. ಕಂಡರೆ ಅಲ್ಲಿಯೇ ನಿಂತು ಏಕೆ ಎಂದು ಕೇಳಿ. ನಿಮ್ಮ ಇತಿಹಾಸದ ಅಭ್ಯಾಸ ಅಲ್ಲಿಂದ ಆರಂಭವಾಗಲಿ.